‘ಲೊಚಗುಟ್ಟು’ ಪದದಲ್ಲಿರುವ ‘ಗುಟ್ಟು’ ಯಾವುದು?

ಹಲ್ಲಿ ಲೊಚಗುಟ್ಟಿತು ಎಂದು ನಾವೆಲ್ಲ ಬರೆಯುತ್ತೇವೆ. ಇದರಲ್ಲಿ ‘ಲೊಚ’ ಎಂಬುದು ಹಲ್ಲಿಯ ದನಿಯ ಅನುಕರಣೆ ಎನ್ನುವುದು ಸ್ಪಷ್ಟ. ಇಂಥ ಪದಗಳಿಗೆ ಕೇಶಿರಾಜನು 13ನೆಯ ಶತಮಾನದಲ್ಲಿಯೇ ತನ್ನ ವ್ಯಾಕರಣದಲ್ಲಿ ಸ್ಥಾನ ಕೊಟ್ಟಿದ್ದಾನೆ. ನನ್ನ ಪ್ರಶ್ನೆ ಅದರ ಬೆನ್ನಿಗೆ ಬರುವ ‘ಗುಟ್ಟು’ ಕುರಿತದ್ದು. ‘ಮಳೆ’ಯ ಮುಂದೆ ‘ಕಾಲ’ ಬಂದು ‘ಮಳೆಗಾಲ’ವಾದಂತೆ, ‘ಕುಟ್ಟು’ ಎಂಬ ಕ್ರಿಯಾಪದವೇ ಇಲ್ಲಿ ಆದೇಶಸಂಧಿಯಿಂದ ‘ಗುಟ್ಟು’ ಆಗಿದೆ ಎಂದು ನನಗೆ ತೋರುತ್ತದೆ.

ಒರಳಿನಲ್ಲಿ ಖಾರ ಕುಟ್ಟುವಾಗ ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಬಿಡುವು ಇರುತ್ತದೆ. ಹಲ್ಲಿಯ ಲೊಚಲೊಚ, ಕಪ್ಪೆಯ ವಟವಟ, ನಾಯಿಯ ಗುರ್ ಗುರ್ ಇವೆಲ್ಲ ಹಾಗೆಯೇ ತುಂಡುತುಂಡಾಗಿ ಮರುಕಳಿಸುವ ದನಿಗಳು. ಆದ್ದರಿಂದಲೇ ಕಪ್ಪೆ ವಟಗುಟ್ಟುತ್ತದೆ, ನಾಯಿ ಗುರುಗುಟ್ಟುತ್ತದೆ. ಒಂದೇ ಉಸಿರಿಗೆ ಉದ್ದಕ್ಕೆ ಎಳೆಯುವ ದನಿಗಾದರೆ ‘ಇಡು’ ಸೇರುತ್ತದೆ: ಆನೆ ಘೀಳಿಡುತ್ತದೆ, ನರಿ ಊಳಿಡುತ್ತದೆ. ದನಿಯೇ ಇಲ್ಲದ ‘ಮಿರುಗುಟ್ಟು’, ‘ಥರಗುಟ್ಟು’ ಪದಗಳಲ್ಲಿಯೂ ಹೊಳಪಾಗಲಿ ನಡುಕವಾಗಲಿ ಬಿಟ್ಟುಬಿಟ್ಟು ಬರುವುದನ್ನು ಗಮನಿಸಬೇಕು.

ಧಾರವಾಡದ ನಮ್ಮ ಹಳೆಯ ಮನೆಯಲ್ಲಿ ಮಾಳಿಗೆಯ ಜಂತಿಯ ಸಂದಿಯಿಂದ ಹಲ್ಲಿಯ ದನಿ ಕೇಳಿಸಿದಾಗಲೆಲ್ಲ ಅಜ್ಜಿ ಆಡುತ್ತಿದ್ದ ಮಾತನ್ನು ನಿಲ್ಲಿಸಿ, ತೋರುಬೆರಳನ್ನು ಮಡಚಿ ನೆಲವನ್ನು ಮೂರು ಸಲ ತಟ್ಟಿ, “ಖರೇ ಅದ, ಹಲ್ಲಿ ನುಡೀತು ನೋಡು” ಎನ್ನುತ್ತಿದ್ದಳು. ಶಕುನ ಹೇಳುವ ಹಲ್ಲಿಗೆ ಅವಳು ‘ನುಡಿ’ ಎಂಬ ಗೌರವದ ಮಾತನ್ನೇ ಬಳಸಿದಳು. ‘ಲೊಚಗುಟ್ಟು’ ಅವಳ ಬಾಯಲ್ಲಿ ಬರುತ್ತಿದ್ದುದು ಮನುಷ್ಯರ ಬಗ್ಗೆ ಮಾತ್ರ. ಕಷ್ಟದಲ್ಲಿದ್ದವರ ಮನೆಗೆ ಬಂದು ಕೈ ನೀಡದೆ ಮರುಗಿ ಹೋದವರನ್ನು ಕುರಿತು “ಬರೇ ಲೊಚಗುಟ್ಟಿ ಹೋದ್ರು” ಎನ್ನುತ್ತಿದ್ದಳು. ನಾಲಗೆಯನ್ನು ಅಂಗುಳಕ್ಕೆ ಹಚ್ಚಿ ಥಟ್ಟನೆ ಬಿಟ್ಟಾಗ ಹೊರಡುವ ಆ ದನಿ ಹಲ್ಲಿಯ ದನಿಗೆ ಎಷ್ಟು ಹತ್ತಿರವೆಂದರೆ, ಪದವು ಹಲ್ಲಿಯಿಂದ ಮನುಷ್ಯರಿಗೆ ಬಂತೋ ಮನುಷ್ಯರಿಂದ ಹಲ್ಲಿಗೆ ಹೋಯಿತೋ ಎಂದು ಕೇಳಲೇಬೇಕಾಗುತ್ತದೆ.

ನನ್ನ ವಿವರಣೆಗೆ ಒಂದು ತೊಡಕಿದೆ. ದುಂಬಿಯ ದನಿ ಎಲ್ಲಿಯೂ ಕಡಿಯದೆ ಹರಿಯುವಂಥದು, ಆದರೂ ‘ಗುಂಯ್‌ಗುಟ್ಟು’ ಎಂಬ ರೂಪ ಬಳಕೆಯಲ್ಲಿದೆ. ಜೊತೆಗೆ ‘ಗುಂಯ್‌ಗುಡು’ ಎಂಬುದೂ ಇದೆ. ಇವೆರಡರಲ್ಲಿ ಗದಗ, ಹಾವೇರಿ ಕಡೆಯ ಮನೆಮಾತಿನಲ್ಲಿ ಯಾವುದು ರೂಢಿ, ಅಲ್ಲಿಯ ಹಿರಿಯರು ಹಲ್ಲಿಯ ದನಿಗೆ ಯಾವ ಕ್ರಿಯಾಪದ ಸೇರಿಸುತ್ತಾರೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.