ಚಳಿಗೆ ಡೀಸೆಲ್ ಕಾರು ಸ್ಟಾರ್ಟ್ ಆಗುತ್ತಿಲ್ಲ: ಹೀಟರ್ ಪ್ಲಗ್ ಮಾಡ್ಯೂಲ್ ಮನೆಯಲ್ಲೇ ಬದಲಾಯಿಸಬಹುದಾ?

ಸೋಮವಾರಪೇಟೆ_ತೋಟ

ಎಲ್ಲರಿಗೂ ನಮಸ್ಕಾರ. ನನ್ನದು 2013ರ ಡೀಸೆಲ್ ಕಾರು, 1.3 ಲೀಟರ್, 1,40,000 ಕಿಲೋಮೀಟರ್ ಓಡಿದೆ. ಡಿಸೆಂಬರ್ ಶುರುವಾದಾಗಿನಿಂದ ಬೆಳಿಗ್ಗೆ ಮೂರ್ನಾಲ್ಕು ಸಲ ಸೆಲ್ಫ್ ಹೊಡೆದ ಮೇಲೆ ಗಡಗಡ ನಡುಗಿಕೊಂಡು ಸ್ಟಾರ್ಟ್ ಆಗುತ್ತದೆ, ಅಂಗಳ ತುಂಬ ಬಿಳಿ ಹೊಗೆ. ಬಿಸಿಲು ಏರಿದ ಮೇಲೆ ಏನೂ ತೊಂದರೆ ಇಲ್ಲ. ಸ್ಕ್ಯಾನರ್ ಹಾಕಿದರೆ ಪಿ0670 ಕೋಡ್. ಗ್ಯಾರೇಜಿನಲ್ಲಿ, ತಣ್ಣಗಿರುವ ಇಂಜಿನ್ನನ್ನು ಸ್ಟಾರ್ಟಿಗೆ ಮೊದಲು ಒಳಗೆ ಬಿಸಿ ಮಾಡುವ ನಾಲ್ಕು ಹೀಟರ್ ಪ್ಲಗ್ಗೂ, ಅವಕ್ಕೆ ಕರೆಂಟ್ ಕೊಡುವ ಮಾಡ್ಯೂಲೂ ಒಟ್ಟಿಗೆ ಬದಲಾಯಿಸಿ ಅಂದರು. ಮಾಡ್ಯೂಲ್ ಬ್ಯಾಟರಿ ಪಕ್ಕದಲ್ಲೇ ಇದೆ, 10 ನಂಬರಿನ ಎರಡು ನಟ್ ಅಷ್ಟೇ. ನಾನೇ ಹಾಕಬಹುದಾ? ಅಮ್ಮನನ್ನು ವಾರಕ್ಕೆ ಎರಡು ದಿನ ಬೆಳಿಗ್ಗೆ ಬೇಗ ಮಡಿಕೇರಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಗಾಡಿ ಕೈಕೊಟ್ಟರೆ ಬೇರೆ ದಾರಿ ಇಲ್ಲ.

ಹಾಸನ_ಪಾನಾ

ಹಾಕಬಹುದು ಸರ್, ಆದರೆ ಇವತ್ತೇ ಮಾಡ್ಯೂಲ್ ತರಬೇಡಿ. ಪಿ0670 ಅಂದರೆ ಮಾಡ್ಯೂಲಿನ ಸರ್ಕ್ಯೂಟಿನಲ್ಲಿ ತೊಂದರೆ ಅಂತ, ಮಾಡ್ಯೂಲೇ ಸತ್ತಿದೆ ಅಂತ ಅಲ್ಲ. ವೈರು, ದೊಡ್ಡ ಫ್ಯೂಸು, ಕನೆಕ್ಟರ್ ಎಲ್ಲವೂ ಅದರೊಳಗೇ ಬರುತ್ತವೆ.

ಮೊದಲು ಬ್ಯಾಟರಿ ನೋಡಿ. ನಿಮ್ಮ ಕಡೆಯ 10–12 ಡಿಗ್ರಿ ಚಳಿಗೆ ಕಾಮನ್ ರೈಲ್ (ಜಾಸ್ತಿ ಒತ್ತಡದಲ್ಲಿ ಡೀಸೆಲ್ ಸಿಂಪಡಿಸುವ) ಇಂಜಿನ್ ಪ್ಲಗ್ ಕೆಲಸ ಮಾಡದಿದ್ದರೂ ಸಾಮಾನ್ಯವಾಗಿ ಎದ್ದುಬಿಡುತ್ತದೆ, ಸ್ವಲ್ಪ ಹೊಗೆ ಬಿಟ್ಟು, ಸ್ವಲ್ಪ ಬಡಿದುಕೊಂಡು. ಮೂರ್ನಾಲ್ಕು ಸಲ ಬೇಕು ಅಂದರೆ ಇನ್ನೇನೋ ಸೇರಿಕೊಂಡಿದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿ 9.5 ವೋಲ್ಟ್‌ಗಿಂತ ಕೆಳಗೆ ಬಿದ್ದರೆ ಅದೇ ಮೊದಲ ಕಳ್ಳ.

ಆಮೇಲೆ ಬ್ಯಾಟರಿಯ ಮೈನಸ್ ವೈರು ಕಳಚಿ, ಮಾಡ್ಯೂಲಿನ ಕನೆಕ್ಟರ್ ತೆಗೆದು, ಪ್ಲಗ್‌ಗಳಿಗೆ ಹೋಗುವ ಒಂದೊಂದು ಪಿನ್ನಿನಿಂದ ಇಂಜಿನ್ ಬಾಡಿಗೆ ಮಲ್ಟಿಮೀಟರಿನಲ್ಲಿ ಓಮ್ (ರೆಸಿಸ್ಟೆನ್ಸ್) ಅಳೆಯಿರಿ. ಮೀಟರಿನ ಎರಡು ವೈರು ಒಂದಕ್ಕೊಂದು ತಾಗಿಸಿ ಬರುವ ಅಂಕಿ ಕಳೆಯುವುದು ಮರೆಯಬೇಡಿ. ಸುಮಾರು 1 ಓಮ್ ಅಥವಾ ಅದಕ್ಕಿಂತ ಕಡಿಮೆ, ನಾಲ್ಕೂ ಹೆಚ್ಚುಕಡಿಮೆ ಒಂದೇ ಬಂದರೆ ಸರಿ. ಏನೂ ತೋರಿಸದಿದ್ದರೆ ಆ ಪ್ಲಗ್ ಹೋಗಿದೆ, ಇಲ್ಲವೇ ಅದರ ವೈರು. ಪೂರ್ತಿ ಸೊನ್ನೆ ಬಂದರೆ ಶಾರ್ಟ್. ಅದನ್ನು ಹಾಗೇ ಬಿಟ್ಟು ಹೊಸ ಮಾಡ್ಯೂಲ್ ಹಾಕಿದರೆ ಅದೂ ಸುಡಬಹುದು.

ಇನ್ನೊಂದು ಮಾತು. ಮಾಡ್ಯೂಲಿನಿಂದ ಕರೆಂಟ್ ಹೊರಗೆ ಬರುತ್ತಿದೆಯಾ ಅಂತ ನೋಡುವುದು ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗ. ಓಡಿಸಿಕೊಂಡು ಬಂದು ಮಧ್ಯಾಹ್ನ ಅಳೆದರೆ ಇಂಜಿನ್ ಬಿಸಿ ಇದೆ ಅಂತ ಇಸಿಯು (ಇಂಜಿನ್ನಿನ ಕಂಪ್ಯೂಟರ್) ಪ್ಲಗ್ ಉರಿಸುವುದೇ ಇಲ್ಲ, ಮೀಟರ್ ಸೊನ್ನೆ ತೋರಿಸುತ್ತದೆ, ಪಾಪ ಚೆನ್ನಾಗಿರುವ ಮಾಡ್ಯೂಲ್ ಗುಜರಿಗೆ ಹೋಗುತ್ತದೆ. ಇದನ್ನು ಎಷ್ಟೋ ಸಲ ನೋಡಿದ್ದೇನೆ.

ಮ್ಯೂನಿಕ್_ಕನ್ನಡಿಗ

ಹಾಸನದ ಸರ್ ಹೇಳಿದ್ದು ಸರಿ. ಒಂದು ಎಚ್ಚರಿಕೆ ಸೇರಿಸುತ್ತೇನೆ. ಪ್ಲಗ್ ಬಿಚ್ಚಿ ನೇರ ಬ್ಯಾಟರಿಗೆ ತಾಗಿಸಿ ಕೆಂಪಾಗುತ್ತದಾ ನೋಡುವ ಹಳೇ ಅಭ್ಯಾಸ ಬೇಡ. ಇತ್ತೀಚಿನ ಎಷ್ಟೋ ಗಾಡಿಗಳಲ್ಲಿ ಪ್ಲಗ್ 12 ವೋಲ್ಟಿನದಲ್ಲ, 4.4, 5 ಅಥವಾ 7 ವೋಲ್ಟಿನದು, ಮಾಡ್ಯೂಲ್ ಕರೆಂಟನ್ನು ಬಿಟ್ಟು ಬಿಟ್ಟು ಕೊಟ್ಟು ಅಷ್ಟಕ್ಕೆ ಹಿಡಿದಿರುತ್ತದೆ. ನೇರ 12 ಕೊಟ್ಟರೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಇಲ್ಲಿ ಮೈನಸ್ 10ರ ಬೆಳಿಗ್ಗೆ ನನ್ನ ಗಾಡಿ ಏಳಲೇ ಇಲ್ಲ, ಆಗ ಇದೆಲ್ಲ ಕಲಿತೆ. ಮಾಡ್ಯೂಲ್ ತರುವಾಗ ಹಳೆಯದರ ಮೇಲಿನ ಪಾರ್ಟ್ ನಂಬರ್ ಫೋಟೋ ತೆಗೆದುಕೊಂಡು ಹೋಗಿ, ಆಕಾರ ಒಂದೇ ಇದ್ದರೆ ಸಾಲದು.

ಸೋಮವಾರಪೇಟೆ_ತೋಟ

ಇಬ್ಬರಿಗೂ ತುಂಬ ಥ್ಯಾಂಕ್ಸ್. ಬ್ಯಾಟರಿ 9.1ಕ್ಕೆ ಬಿತ್ತು, ಐದು ವರ್ಷ ಹಳೆಯದು, ಬದಲಾಯಿಸಿದೆ. ಪ್ಲಗ್‌ಗಳು 0.8, 0.9, ಮೂರನೆಯದು ಏನೂ ಇಲ್ಲ, ನಾಲ್ಕನೆಯದು 0.8. ಕನೆಕ್ಟರ್ ತೆಗೆದು ನೋಡಿದರೆ ದಪ್ಪ ಕೆಂಪು ವೈರಿನ ಪಿನ್ನಿಗೆ ಪಾಚಿ ಹಾಗೆ ಹಸಿರು ಕಟ್ಟಿತ್ತು, ಸುತ್ತ ಪ್ಲಾಸ್ಟಿಕ್ ಕಂದಾಗಿ ಕರಗಿತ್ತು. ನಮ್ಮ ಮಳೆಗಾಲದ ಕೆಲಸ. ಮಾಡ್ಯೂಲಿನ ಪಿನ್ನೂ ಅರ್ಧ ಸವೆದಿತ್ತು, ಹಾಗಾಗಿ ವೈರಿನ ಟರ್ಮಿನಲ್, ಮಾಡ್ಯೂಲ್ ಎರಡೂ ಬದಲಾಯಿಸಲೇಬೇಕಾಯಿತು. ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೊಸ ಟರ್ಮಿನಲ್ ಒತ್ತಿಸಿ, ಮಾಡ್ಯೂಲ್ ನಾನೇ ಹಾಕಿದೆ, ಇಪ್ಪತ್ತು ನಿಮಿಷ. ಕೋಡ್ ಅಳಿಸಿದೆ. ಇವತ್ತು ಬೆಳಿಗ್ಗೆ 11 ಡಿಗ್ರಿ ಇತ್ತು, ಒಂದೇ ಸೆಲ್ಫಿಗೆ ಎದ್ದಿತು. ಅಮ್ಮ ಹಿಂದಿನ ಸೀಟಿನಲ್ಲಿ ಕೂತು ಇವತ್ತು ಹೊಗೆ ಇಲ್ವಲ್ಲ ಅಂದರು. ಇನ್ನು ಆ ಮೂರನೇ ಪ್ಲಗ್ ನಾನೇ ತೆಗೆಯಲಾ?

ಹಾಸನ_ಪಾನಾ

ಖುಷಿಯಾಯಿತು ಸರ್. ಪ್ಲಗ್ ವಿಷಯದಲ್ಲಿ ಮಾತ್ರ ಅವಸರ ಬೇಡ. ಎರಡು ಮೂರು ರಾತ್ರಿ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಡಿ. ತೆಗೆಯುವ ದಿನ ಗಾಡಿ ಚೆನ್ನಾಗಿ ಓಡಿಸಿ ಇಂಜಿನ್ ಬಿಸಿ ಮಾಡಿಕೊಳ್ಳಿ. ಚಿಕ್ಕ ಹಿಡಿಯ ರ‍್ಯಾಚೆಟ್ ಸಾಕು, ಪೈಪ್ ಹಾಕಿ ಜಗ್ಗಬೇಡಿ. ಸ್ವಲ್ಪ ತಿರುಗಿ ಬಿಗಿಯಾದರೆ ವಾಪಸ್ ಬಿಗಿ ಮಾಡಿ, ಎಣ್ಣೆ ಬಿಟ್ಟು ಮತ್ತೆ ಸಡಿಲಿಸಿ. ಹೀಗೆ ಹಿಂದೆ ಮುಂದೆ ಆಡಿಸಿಯೂ ಬರದಿದ್ದರೆ ಅಲ್ಲಿಗೇ ನಿಲ್ಲಿಸಿ, ಒಳಗೆ ಮುರಿದರೆ ಹೆಡ್ (ಇಂಜಿನ್ನಿನ ಮೇಲ್ಭಾಗ) ಇಳಿಸುವವರೆಗೂ ಹೋಗಬಹುದು. ಮೂರು ಪ್ಲಗ್ ಉರಿಯುತ್ತಿವೆ ಅಲ್ವಾ, ನಿಮ್ಮ ಚಳಿಗೆ ಸದ್ಯಕ್ಕೆ ಸಾಕು. ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಅಂತೂ ಕೈ ಹಾಕಬೇಡಿ.