ಸಹಾಯ ಬೇಕು: ಲಾಡ್ಜ್ ರೂಮುಗಳ ಎಸಿ ಕಂಟ್ರೋಲ್ ಬಗ್ಗೆ (ಹಾಸನ)

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ನಮ್ಮದೊಂದು ಲಾಡ್ಜ್ ಇದೆ. ಎಲ್ಲಾ ರೂಮಿಗೂ ಸ್ಪ್ಲಿಟ್ ಇನ್ವರ್ಟರ್ ಎಸಿ. ಮಾರ್ಚ್, ಏಪ್ರಿಲ್ ಬಂತೆಂದರೆ ಕರೆಂಟ್ ಬಿಲ್ ನೋಡಿ ಎದೆ ಝಲ್ ಅನ್ನುತ್ತದೆ.

ಗೆಸ್ಟ್‌ಗಳು ಬೆಳಿಗ್ಗೆ ಬೇಲೂರು, ಹಳೇಬೀಡು ಅಂತ ಹೊರಟರೆ ಬರುವುದು ಸಂಜೆಗೆ. ಖಾಲಿ ರೂಮಿನಲ್ಲಿ ಎಸಿ 18ರಲ್ಲಿ ಓಡುತ್ತಲೇ ಇರುತ್ತದೆ. ಕೀ ಕಾರ್ಡ್ ಸ್ವಿಚ್ (ಕಾರ್ಡ್ ಸಿಕ್ಕಿಸಿದರೆ ಮಾತ್ರ ರೂಮಿಗೆ ಕರೆಂಟ್) ಹಾಕಿಸಿದ್ದೇವೆ, ಆದರೆ ಯಾವುದೋ ಹಳೇ ಕಾರ್ಡ್ ಸಿಕ್ಕಿಸಿ ಹೋಗುತ್ತಾರೆ. ಮೊನ್ನೆ ಒಂದು ರೂಮಿನಲ್ಲಿ ಬಾಲ್ಕನಿ ಬಾಗಿಲು ಪೂರ್ತಿ ತೆರೆದಿತ್ತು, ಬಿಸಿಗಾಳಿಗೆ ಕರ್ಟನ್ ಹಾರಾಡುತ್ತಿತ್ತು, ಎಸಿ ಫುಲ್ ಸ್ಪೀಡಿನಲ್ಲಿತ್ತು. ಹೊಟ್ಟೆ ಉರಿಯಿತು. ಸ್ಟಾರ್ ರೇಟಿಂಗ್ ಎಸಿಗಳು 24 ಡಿಗ್ರಿಯಲ್ಲೇ ಶುರುವಾಗಬೇಕು ಅಂತ 2020ರಿಂದ ನಿಯಮ ಇದೆ. ಒಂದು ಡಿಗ್ರಿ ಏರಿಸಿದರೆ ಸುಮಾರು 6% ಕರೆಂಟ್ ಉಳಿಯುತ್ತದೆ ಅಂತ ಬಿಇಇ (ಸ್ಟಾರ್ ರೇಟಿಂಗ್ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ) ಹೇಳುತ್ತದೆ. ಆದರೆ ರಿಮೋಟ್ ಗೆಸ್ಟ್ ಕೈಯಲ್ಲಿರುತ್ತದೆ ಅಲ್ವಾ?

ರೂಮ್ ಖಾಲಿ ಇದ್ದಾಗ ಎಸಿಯನ್ನು ತಾನಾಗಿಯೇ ಕಂಟ್ರೋಲ್ ಮಾಡುವ ಸಾಧನ ಹುಡುಕುತ್ತಿದ್ದೇನೆ. ಆದರೆ ಬರೀ ಮೋಷನ್ ಸೆನ್ಸರ್ (ಓಡಾಟ ಗುರುತಿಸುವಂಥದ್ದು) ನನಗೆ ಬೇಡ. ಮಲಗಿದವರು ಅಲುಗಾಡದಿದ್ದರೆ ರೂಮ್ ಖಾಲಿ ಅಂತ ತಿಳಿದು ನಡುರಾತ್ರಿ ಎಸಿ ನಿಲ್ಲಿಸಿಬಿಡುತ್ತದೆ. ಮಕ್ಕಳು, ವಯಸ್ಸಾದವರು ಇರುತ್ತಾರೆ, ಅವರ ನಿದ್ದೆ ಕೆಡಬಾರದು. ಬಾಗಿಲ ಸೆನ್ಸರ್ ಜೊತೆ ಸೇರಿಸಿದ್ದು ಬೇಕು: ಬಾಗಿಲು ಹಾಕಿದ ಮೇಲೆ ಒಮ್ಮೆ ಓಡಾಟ ಕಂಡರೆ, ಮತ್ತೆ ಬಾಗಿಲು ತೆರೆಯುವವರೆಗೆ ಒಳಗೆ ಜನ ಇದ್ದಾರೆ ಅಂತಲೇ ಲೆಕ್ಕ. ಖಾಲಿ ಇದ್ದಾಗ ಪೂರ್ತಿ ಆಫ್ ಬೇಡ, 28ಕ್ಕೆ ಏರಿದರೆ ಸಾಕು. ಬಾಲ್ಕನಿ ತೆರೆದರೆ ಮಾತ್ರ ನಿಲ್ಲಬೇಕು.

ಹಾಸನ, ಚಿಕ್ಕಮಗಳೂರು ಕಡೆ ಯಾರಾದರೂ ಇಂಥದ್ದು ಹಾಕಿಸಿದ್ದೀರಾ? ರೂಮಿಗೆ ಎಷ್ಟು ಖರ್ಚಾಯಿತು? ಸೆನ್ಸರ್ ಸಂಪರ್ಕಕ್ಕೆ ವೈಫೈ ಒಳ್ಳೆಯದೋ, ಕಡಿಮೆ ಕರೆಂಟಿನಲ್ಲಿ ನಡೆಯುವ ವೈರ್‌ಲೆಸ್ ವ್ಯವಸ್ಥೆಯಾದ ಜಿಗ್‌ಬೀಯೋ? ಕರೆಂಟ್ ಹೋಗಿ ಬಂದಾಗ ಸೆಟ್ಟಿಂಗ್ ಉಳಿಯುತ್ತದಾ? ಸರ್ವಿಸ್‌ಗೆ ಕರೆದರೆ ಬರುವವರು ಗೊತ್ತಿದ್ದರೆ ದಯವಿಟ್ಟು ಮೆಸೇಜ್ ಮಾಡಿ. ಮೊದಲು ಎರಡು ರೂಮಿಗೆ ಹಾಕಿಸಿ ನೋಡುವ ಯೋಚನೆ ಇದೆ.