ತೋಳು ಎತ್ತುವಾಗ ಭುಜದಲ್ಲಿ ನೋವು: ಎಂಆರ್‌ಐ ಅಗತ್ಯವೇ?

ಪ್ರಶ್ನೆ:
ನನಗೆ 52 ವರ್ಷ. ಮೂರು ತಿಂಗಳಿನಿಂದ ಬಲಭುಜ ನೋಯುತ್ತಿದ್ದು, ತೋಳನ್ನು ಪಕ್ಕದಿಂದ ಮೇಲೆತ್ತುವಾಗ ಅರ್ಧದಲ್ಲಿ ಚುಳ್ಳೆನ್ನುತ್ತದೆ. ಪೂರ್ತಿ ಎತ್ತಿದ ಮೇಲೆ ನೋವು ಇಳಿಯುತ್ತದೆ. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಎಚ್ಚರವಾಗುತ್ತದೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಎಂಆರ್‌ಐ ಮಾಡಿಸಲೇಬೇಕೇ?

ಉತ್ತರ 1:
ನಾನು ಫಿಸಿಯೋಥೆರಪಿಸ್ಟ್. ಭುಜದ ಗುಂಡನ್ನು ಕುಳಿಯಲ್ಲಿ ಹಿಡಿದಿಡುವ ನಾಲ್ಕು ಸ್ನಾಯುಗಳು ಮತ್ತು ಅವುಗಳನ್ನು ಮೂಳೆಗೆ ಜೋಡಿಸುವ ರಜ್ಜುಗಳೇ ರೊಟೇಟರ್ ಕಫ್. ಅವು ಮೆದು ಅಂಗಾಂಶವಾದ್ದರಿಂದ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಸುಮಾರು 60ರಿಂದ 120 ಡಿಗ್ರಿಯ ನಡುವೆ ನೋವು ಹೆಚ್ಚಾಗುವುದು ಸಾಮಾನ್ಯವಾಗಿ ಈ ರಜ್ಜುಗಳ ತೊಂದರೆಯನ್ನು ಸೂಚಿಸುತ್ತದೆ. ನೀವು ಸಡಿಲವಾಗಿ ಬಿಟ್ಟ ತೋಳನ್ನು ಬೇರೆಯವರು ಎತ್ತಿದಾಗಲೂ ಅದು ಬಿಗಿಯಾಗಿ ನಿಂತುಬಿಟ್ಟರೆ ಫ್ರೋಜನ್ ಶೋಲ್ಡರ್ (ಭುಜದ ಕೀಲೇ ಬಿಗಿದುಕೊಳ್ಳುವ ತೊಂದರೆ) ಇರಬಹುದೆಂದು ಯೋಚಿಸಬೇಕು. ಈ ವ್ಯತ್ಯಾಸವನ್ನು ಕೈಯಿಂದ ಪರೀಕ್ಷಿಸಿಯೇ ತಿಳಿಯಬೇಕಾದ್ದರಿಂದ, ಸ್ಕ್ಯಾನ್‌ಗಿಂತ ಮೊದಲು ಸರಿಯಾದ ತಪಾಸಣೆ ಆಗಲಿ ಎಂಬುದು ನನ್ನ ಒತ್ತಾಯ. ವಯಸ್ಸಾದಂತೆ ನೋವೇ ಇಲ್ಲದವರಲ್ಲೂ ರಜ್ಜು ಹರಿದಿರುವುದು ಸ್ಕ್ಯಾನ್‌ನಲ್ಲಿ ಕಾಣುತ್ತದೆ, ಹಾಗಾಗಿ ಸ್ಕ್ಯಾನ್‌ನಲ್ಲಿ ಕಂಡದ್ದೇ ನೋವಿಗೆ ಕಾರಣ ಎನ್ನಲಾಗದು.

ಉತ್ತರ 2:
ನನಗೂ ಇದೇ ಆಗಿತ್ತು. ಮೊಣಕೈಯನ್ನು ಪಕ್ಕೆಗೆ ಒತ್ತಿ, ನಡುವೆ ಮಡಿಸಿದ ಟವೆಲ್ ಇಟ್ಟು, ರಬ್ಬರ್ ಪಟ್ಟಿಯನ್ನು ಹೊರಕ್ಕೆ ನಿಧಾನವಾಗಿ ಎಳೆಯುವ ವ್ಯಾಯಾಮವನ್ನು ಹನ್ನೆರಡು ವಾರ ಬಿಡದೆ ಮಾಡಿದೆ. ಮೊದಲ ತಿಂಗಳು ಏನೂ ಬದಲಾಗಲಿಲ್ಲ, ದಯವಿಟ್ಟು ಆಗಲೇ ಕೈಬಿಡಬೇಡಿ.

ಉತ್ತರ 3:
ಒಂದು ಎಚ್ಚರಿಕೆ ಸೇರಿಸುತ್ತೇನೆ. ಬಿದ್ದ ಪೆಟ್ಟಿನ ನಂತರ ತೋಳನ್ನು ಎತ್ತಲು ಶಕ್ತಿಯೇ ಇಲ್ಲದಂತಾದರೆ ವ್ಯಾಯಾಮವೆಂದು ಕಾಯದೆ ಮೂಳೆತಜ್ಞರನ್ನು ಬೇಗ ಕಾಣಬೇಕು, ಏಕೆಂದರೆ ಪೂರ್ತಿ ಹರಿದ ರಜ್ಜು ತಡವಾದಷ್ಟೂ ಹಿಂದಕ್ಕೆ ಸರಿದು, ಹೊಲಿಯುವುದು ಕಷ್ಟವಾಗುತ್ತದೆ. ಸ್ಟೀರಾಯ್ಡ್ ಚುಚ್ಚುಮದ್ದು ಕೆಲವು ವಾರ ನೋವು ತಗ್ಗಿಸಬಹುದಾದರೂ ಪದೇ ಪದೇ ಹಾಕಿಸಿಕೊಳ್ಳುವುದು ರಜ್ಜಿಗೆ ಒಳ್ಳೆಯದಲ್ಲ.